ಕತ್ತಲಲ್ಲಿ 45 ಕಿಲೋಮೀಟರ್ ಯಾಕೆ 100ರ ಹಾಗೆ ಅನಿಸುತ್ತದೆ?

(ವಿಜಯಪುರದಲ್ಲಿ ಕಾಲೇಜು ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಅವರ ಜೊತೆ ಬಂದಿದ್ದ ಮನೆಮಂದಿಯ ಎದುರು ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಫ್ಲೋರಿಡಾದಲ್ಲಿ ಡಿಸ್ನಿ ಪಾರ್ಕ್ ಇದೆ. ಅದರೊಳಗೆ ಸ್ಪೇಸ್ ಮೌಂಟನ್ ಅಂತ ಒಂದು ರೈಡ್, 1975ರಲ್ಲಿ ಶುರುವಾಗಿದ್ದು. ಹೊರಗಿನಿಂದ ನೋಡಿದರೆ ದೊಡ್ಡ ಬಿಳಿ ಕಟ್ಟಡ. ಒಳಗೆ ಗವ್ವನೆ ಕತ್ತಲು, ಆ ಕತ್ತಲಲ್ಲಿ ಓಡುವ ರೋಲರ್ ಕೋಸ್ಟರ್. ಇಳಿದು ಬಂದವರಿಗೆ ಕಾಲು ನಡುಗುತ್ತಿರುತ್ತದೆ, ಬಾಹ್ಯಾಕಾಶಕ್ಕೇ ಹೋಗಿ ಬಂದೆ ಅನ್ನುವವರಿದ್ದಾರೆ. ಅದರ ಗರಿಷ್ಠ ವೇಗ ಎಷ್ಟು ಗೊತ್ತಾ? ಗಂಟೆಗೆ ಸುಮಾರು 45 ಕಿಲೋಮೀಟರ್. ಇಲ್ಲಿಂದ ಸೊಲ್ಲಾಪುರಕ್ಕೆ ಹೋಗುವ ಬಸ್ಸು ಊರು ದಾಟಿದ ಮೇಲೆ ಅದಕ್ಕಿಂತ ಜೋರಾಗಿಯೇ ಓಡುತ್ತದೆ, ಅದರಲ್ಲಿ ಕೂತ ಅರ್ಧ ಜನ ಕಿಟಕಿಗೆ ತಲೆ ಆನಿಸಿ ನಿದ್ದೆ ಹೊಡೆಯುತ್ತಿರುತ್ತಾರೆ.

ವೇಗ ಜಾಸ್ತಿ ಇರುವ ಕಡೆ ನಿದ್ದೆ, ಕಡಿಮೆ ಇರುವ ಕಡೆ ಚೀರಾಟ. ಯಾಕೆ? ಇವತ್ತು ಮಾತಾಡುವುದು ಇದೊಂದನ್ನೇ.

ಡಾರ್ಕ್ ರೈಡ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಕಟ್ಟಡದ ಒಳಗೆ ಕತ್ತಲು ಮಾಡಿ, ಜನರನ್ನು ಸಣ್ಣ ಗಾಡಿಯಲ್ಲಿ ಕೂರಿಸಿ, ಹಳಿಯ ಮೇಲೆ ಒಂದಾದ ಮೇಲೊಂದು ದೃಶ್ಯದ ಮೂಲಕ ಒಯ್ಯುವ ರೈಡ್. ನಮ್ಮ ಜಾತ್ರೆಯ ಭೂತ ಬಂಗ್ಲೆ ಇದೇ ಕುಲದ್ದು, ಗಾಡಿ ಇಲ್ಲ ಅಷ್ಟೇ, ನಾವೇ ನಡೆಯಬೇಕು. ಇಂಥ ರೈಡ್‌ಗಳಲ್ಲಿ ಬಹಳಷ್ಟು ಗಾಡಿಗಳು ಸ್ಪೇಸ್ ಮೌಂಟನ್‌ನಷ್ಟು ಕೂಡ ಓಡುವುದಿಲ್ಲ. ಮನುಷ್ಯ ಬಿರುಸಾಗಿ ನಡೆದರೆ ಹಿಂದೆ ಹಾಕಬಹುದಾದ ಗಾಡಿಗಳೇ ಜಾಸ್ತಿ. ಆದರೂ ಒಳಗೆ ಕೂತವರಿಗೆ ಹಾರಿದ ಹಾಗೆ, ಬಿದ್ದ ಹಾಗೆ, ಡಿಕ್ಕಿ ಆಗೇಬಿಟ್ಟಿತು ಅನ್ನೋ ಹಾಗೆ ಅನಿಸುತ್ತದೆ.

ಈಗ ನಮ್ಮ ದೇಹದ ಕಡೆ ಬರೋಣ. ನಾವೆಲ್ಲ ಈ ಹಾಲ್‌ನಲ್ಲಿ ಸುಮ್ನೆ ಕೂತಿದ್ದೇವೆ ಅಲ್ವಾ? ಭೂಮಿ ತನ್ನ ಸುತ್ತ ತಾನು ತಿರುಗುತ್ತಾ ಈ ವಿಜಯಪುರವನ್ನು, ಗೋಳಗುಮ್ಮಟ ಸಮೇತ, ಗಂಟೆಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಒಯ್ಯುತ್ತಿದೆ. ಯಾರಿಗಾದರೂ ಏನಾದರೂ ಅನಿಸುತ್ತಿದೆಯಾ? ಇಲ್ಲ. ಒಂದೇ ಸಮ ಹೋಗುವ ವೇಗವನ್ನು ತಿಳಿಯುವ ಅಂಗವೇ ನಮ್ಮ ದೇಹದಲ್ಲಿಲ್ಲ. ಬಣ್ಣಕ್ಕೆ ಕಣ್ಣಿದೆ, ಸದ್ದಿಗೆ ಕಿವಿ ಇದೆ, ವೇಗಕ್ಕೆ ಅಂತ ಏನೂ ಇಲ್ಲ. ವೇಗ ಬದಲಾದಾಗ ಮಾತ್ರ ಗೊತ್ತಾಗುತ್ತದೆ.

ಆ ಬದಲಾವಣೆಯನ್ನು ಹಿಡಿಯುವುದು ಒಳಕಿವಿ. ಅಲ್ಲಿ ಮೂರು ಸಣ್ಣ ಬಾಗಿದ ನಾಳಗಳಿವೆ, ಒಳಗೆ ದ್ರವ ತುಂಬಿದೆ. ತಂಬಿಗೆಯಲ್ಲಿ ನೀರು ಹಾಕಿ ತಂಬಿಗೆಯನ್ನು ಗಕ್ಕನೆ ತಿರುಗಿಸಿ ನೋಡಿ, ತಂಬಿಗೆ ತಿರುಗುತ್ತದೆ, ನೀರು ಮಾತ್ರ ಅಲ್ಲೇ ನಿಂತಿರುತ್ತದೆ. ತಲೆ ತಿರುಗಿಸಿದಾಗ ಆ ನಾಳಗಳಲ್ಲಿ ಆಗುವುದೂ ಅದೇ, ಹಿಂದೆ ಉಳಿದ ದ್ರವ ಅಲ್ಲಿನ ಸೂಕ್ಷ್ಮ ಕೂದಲುಗಳನ್ನು ಬಗ್ಗಿಸುತ್ತದೆ, ಮಿದುಳಿಗೆ ಸುದ್ದಿ ಹೋಗುತ್ತದೆ. ಆದರೆ ಒಂದೇ ಸಮ ತಿರುಗುತ್ತಲೇ ಇದ್ದರೆ ಸ್ವಲ್ಪ ಹೊತ್ತಿಗೆ ದ್ರವವೂ ಜೊತೆಗೆ ತಿರುಗತೊಡಗುತ್ತದೆ, ಸುದ್ದಿ ನಿಂತುಹೋಗುತ್ತದೆ. ಇದರ ಪಕ್ಕದಲ್ಲೇ ಇನ್ನೊಂದು ವ್ಯವಸ್ಥೆ. ಲೋಳೆಯ ಪದರದ ಮೇಲೆ ಸುಣ್ಣದ ಪುಟ್ಟ ಪುಟ್ಟ ಹರಳುಗಳು ಕೂತಿರುತ್ತವೆ. ಬಸ್ಸು ಹೊರಟಾಗ ಅವು ಹಿಂದಕ್ಕೆ ಜರುಗುತ್ತವೆ, ಬ್ರೇಕ್ ಹಾಕಿದಾಗ ಮುಂದಕ್ಕೆ. ಈ ಹರಳುಗಳಿಗೆ ಒಂದು ದೊಡ್ಡ ದೌರ್ಬಲ್ಯ ಇದೆ, ಅದನ್ನು ಆಮೇಲೆ ಹೇಳುತ್ತೇನೆ, ಇಡೀ ಉದ್ಯಮವೇ ಅದರ ಮೇಲೆ ನಿಂತಿದೆ.

ಇದನ್ನೆಲ್ಲ ಕ್ರಮವಾಗಿ ಪ್ರಯೋಗ ಮಾಡಿ ಬರೆದವರಲ್ಲಿ ಭೌತವಿಜ್ಞಾನಿ ಎರ್ನ್ಸ್ಟ್ ಮ್ಯಾಕ್ ಮುಖ್ಯರು. ಯುದ್ಧವಿಮಾನಗಳ ವೇಗ ಹೇಳುವಾಗ ಮ್ಯಾಕ್ 1, ಮ್ಯಾಕ್ 2 ಅಂತಾರಲ್ಲ, ಅದೇ ಮ್ಯಾಕ್. ಚಲನೆಯ ಅನುಭವದ ಬಗ್ಗೆ ಅವರ ಪುಸ್ತಕ ಬಂದಿದ್ದು 1875ರಲ್ಲಿ.

ಒಳಕಿವಿಗೆ ಸಮ ವೇಗ ಗೊತ್ತಾಗುವುದಿಲ್ಲ ಅಂದಮೇಲೆ ಮಿದುಳು ಯಾರನ್ನು ಕೇಳುತ್ತದೆ? ಕಣ್ಣನ್ನು. ಇದು ನಿಮಗೆಲ್ಲ ಗೊತ್ತಿರುವ ಅನುಭವವೇ. ಬಸ್ ಸ್ಟ್ಯಾಂಡಿನಲ್ಲಿ ನಿಮ್ಮ ಬಸ್ಸು ನಿಂತಿದೆ. ಪಕ್ಕದಲ್ಲಿ ಇಂಡಿ ಊರಿಗೆ ಹೋಗುವ ಬಸ್ಸು ನಿಂತಿದೆ, ಕಿಟಕಿ ತುಂಬ ಅದೇ ಕಾಣುತ್ತಿದೆ. ಅದು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಿತು ಅಂದರೆ ನಿಮ್ಮ ಬಸ್ಸೇ ಮುಂದಕ್ಕೆ ಹೊರಟಿತು ಅನಿಸುತ್ತದೆ. ಎದುರು ಸೀಟಿನ ಕಂಬಿ ಹಿಡಿದುಕೊಂಡುಬಿಡುತ್ತೀರಿ. ವಿಜ್ಞಾನಿಗಳು ಇದಕ್ಕೆ ವೆಕ್ಷನ್ ಅಂತಾರೆ. ಕಣ್ಣೆದುರು ಇರುವುದೆಲ್ಲ ಒಟ್ಟಿಗೆ ಒಂದೇ ದಿಕ್ಕಿಗೆ ಸರಿದರೆ, ಇಡೀ ಜಗತ್ತು ಸರಿಯಿತು ಅನ್ನುವುದಕ್ಕಿಂತ ನಾನೇ ಸರಿದೆ ಅನ್ನುವುದನ್ನು ನಂಬುವುದು ಮಿದುಳಿಗೆ ಸುಲಭ. ಅದು ಸರಿಯಾದ ಅಂದಾಜೇ. ಲಕ್ಷಾಂತರ ವರ್ಷ ಕಾಡಿನಲ್ಲಿ ಓಡಾಡಿದ ಪ್ರಾಣಿಗೆ ಮರಗಳೆಲ್ಲ ಒಟ್ಟಿಗೆ ಹಿಂದೆ ಸರಿದವು ಅಂದರೆ ತಾನು ಓಡುತ್ತಿದ್ದೇನೆ ಅಂತಲೇ ಅರ್ಥ.

ಈ ಅಂದಾಜನ್ನು ಹಿಡಿದು ದುಡ್ಡು ಮಾಡಿದವರು ಬಹಳ ಹಿಂದೆಯೇ ಹುಟ್ಟಿಕೊಂಡರು. ನನಗೆ ಎಲ್ಲಕ್ಕಿಂತ ಇಷ್ಟವಾದ ಉದಾಹರಣೆ 1894ರ ಸ್ಯಾನ್ ಫ್ರಾನ್ಸಿಸ್ಕೋ ವಸ್ತುಪ್ರದರ್ಶನದ್ದು. ಹಾಂಟೆಡ್ ಸ್ವಿಂಗ್, ಅಂದರೆ ದೆವ್ವದ ಜೋಕಾಲಿ. ಒಂದು ಕೋಣೆ. ಮಧ್ಯದಲ್ಲಿ ದೊಡ್ಡ ಜೋಕಾಲಿ, ಕೋಣೆಯ ಆಚೆಗೂ ಚಾಚಿಕೊಂಡ ಕಬ್ಬಿಣದ ಅಡ್ಡಕಂಬಿಗೆ ತೂಗಿರುತ್ತದೆ. ಜನ ಹತ್ತಿ ಕೂತ ಮೇಲೆ ಬಾಗಿಲು ಮುಚ್ಚುತ್ತಾರೆ. ಜೋಕಾಲಿ ಮೊದಲು ಮೆಲ್ಲಗೆ ತೂಗುತ್ತದೆ, ಆಮೇಲೆ ಜೋರಾಗುತ್ತದೆ, ಇನ್ನೂ ಜೋರಾಗುತ್ತದೆ, ಕೊನೆಗೆ ಪೂರ್ತಿ ಒಂದು ಸುತ್ತು ಹೊಡೆದು ಜನ ತಲೆಕೆಳಗಾಗುತ್ತಾರೆ. ಹಾಗಂತ ಅವರಿಗೆ ಅನಿಸುತ್ತದೆ. ನಿಜವಾಗಿ ಜೋಕಾಲಿ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ. ತೂಗುತ್ತಿರುವುದು ಕೋಣೆ! ಗೋಡೆ, ನೆಲ, ಮಾಡು ಎಲ್ಲ ಸೇರಿ ಆ ಅಡ್ಡಕಂಬಿಯ ಸುತ್ತ ತಿರುಗುತ್ತಿದೆ. ಒಳಗಿನ ಮೇಜು ಕುರ್ಚಿಗಳನ್ನೆಲ್ಲ ನೆಲಕ್ಕೆ ಬಿಗಿದಿರುತ್ತಾರೆ, ಕೋಣೆ ತಲೆಕೆಳಗಾದರೂ ಏನೂ ಉದುರುವುದಿಲ್ಲ.

ಆರ್. ಡಬ್ಲ್ಯೂ. ವುಡ್ ಅಂತ ಒಬ್ಬರು, ಮುಂದೆ ಬೆಳಕಿನ ವಿಜ್ಞಾನದಲ್ಲಿ ದೊಡ್ಡ ಹೆಸರು ಮಾಡಿದವರು, ಇದರಲ್ಲಿ ಕೂತು ಬಂದು 1895ರಲ್ಲಿ ಒಂದು ಮನೋವಿಜ್ಞಾನ ಪತ್ರಿಕೆಗೆ ಬರೆದರು. ತಲೆ ಸುತ್ತಿ ವಾಕರಿಕೆ ಬಂದವರಿದ್ದರು, ಸೀಟನ್ನು ಗಟ್ಟಿಯಾಗಿ ಹಿಡಿದು ಕೂತವರಿದ್ದರು. ತಿರುಗುತ್ತಿರುವುದು ಕೋಣೆ ಅಂತ ಗೊತ್ತಿದ್ದವರಿಗೂ ಹಾಗೇ ಆಗುತ್ತಿತ್ತು. ಈ ಕೊನೆಯ ಸಂಗತಿಯನ್ನು ಗಮನಿಸಿ. ಗೊತ್ತಿದ್ದರೂ ಭ್ರಮೆ ಬಿಡುವುದಿಲ್ಲ. ನಾನು ಈಗ ಎಲ್ಲ ಗುಟ್ಟು ಬಿಚ್ಚಿ ಹೇಳಿದರೂ ನಾಳೆ ನೀವು ಹೋಗಿ ಕೂತರೆ ಮಜಾ ಒಂದಿಷ್ಟೂ ಕಡಿಮೆಯಾಗಲ್ಲ, ಆ ಚಿಂತೆ ಬೇಡ.

1904ರ ಸುಮಾರಿಗೆ, ಅದಕ್ಕೂ ಮೊದಲು ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಅಗ್ನಿಶಾಮಕ ದಳದ ಮುಖ್ಯಸ್ಥರಾಗಿದ್ದ ಜಾರ್ಜ್ ಹೇಲ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ರೈಲಿನ ಬೋಗಿಯಂಥ ಕೋಣೆ, ಎದುರಿಗೆ ಪರದೆ, ಓಡುವ ರೈಲಿನ ಮೇಲಿಂದ ತೆಗೆದ ಸಿನಿಮಾ, ಅಡಿಯಿಂದ ಅಲುಗಾಟ, ಮುಖಕ್ಕೆ ಗಾಳಿ. ಬೋಗಿ ಒಂದು ಅಡಿ ಕೂಡ ಮುಂದೆ ಹೋಗುತ್ತಿರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಹುಡುಗರು ಬೇಕಿದ್ದರೆ ಬರೆದುಕೊಳ್ಳಿ, ಇವತ್ತಿನ ಮಾತಿನಲ್ಲಿ ನಿಮ್ಮ ಕೈಗೆ ನೇರವಾಗಿ ಉಪಯೋಗಕ್ಕೆ ಬರುವುದು ಇದೇ.

ಹೊರಗಿನಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಬರುವಾಗ ದೂರದಿಂದಲೇ ಗೋಳಗುಮ್ಮಟ ಕಾಣುತ್ತದೆ. ರಸ್ತೆ ಬದಿಯ ಬೇವಿನ ಮರಗಳು ಸರ್ ಸರ್ ಅಂತ ಹಿಂದೆ ಹೋಗುತ್ತಿರುತ್ತವೆ, ಗುಮ್ಮಟ ಮಾತ್ರ ಇದ್ದಲ್ಲೇ ಇರುತ್ತದೆ, ನಮ್ಮ ಜೊತೆಗೇ ಬರುತ್ತಿದೆಯೇನೋ ಅನ್ನಬೇಕು. ಬಸ್ಸಿನ ವೇಗ ಒಂದೇ. ಮರಕ್ಕೂ ಗುಮ್ಮಟಕ್ಕೂ ದೂರ ಬೇರೆ. ಕಣ್ಣಿಗೆ ಸಿಗುವುದು ಕಿಲೋಮೀಟರ್ ಲೆಕ್ಕ ಅಲ್ಲ, ಕೋನದ ಲೆಕ್ಕ: ಒಂದು ವಸ್ತು ನಮ್ಮ ಪಕ್ಕದಲ್ಲಿ ಹಾಯುವಾಗ ಸೆಕೆಂಡಿಗೆ ಎಷ್ಟು ಡಿಗ್ರಿ ಸರಿಯಿತು ಅನ್ನುವುದು. ಅದು ವೇಗವನ್ನು ದೂರದಿಂದ ಭಾಗಿಸಿದರೆ ಸಿಗುತ್ತದೆ, ಉತ್ತರ ಬರುವುದು ರೇಡಿಯನ್‌ನಲ್ಲಿ, 1 ರೇಡಿಯನ್ ಅಂದರೆ ಸುಮಾರು 57 ಡಿಗ್ರಿ.

ಬಸ್ಸು ಗಂಟೆಗೆ 72 ಕಿಲೋಮೀಟರ್ ಹೋಗುತ್ತಿದೆ ಅಂದುಕೊಳ್ಳಿ, ಅಂದರೆ ಸೆಕೆಂಡಿಗೆ 20 ಮೀಟರ್. ಮರ 5 ಮೀಟರ್ ದೂರ. 20 ಭಾಗಿಸು 5, ಉತ್ತರ 4. ಗುಮ್ಮಟ 5 ಕಿಲೋಮೀಟರ್ ದೂರ ಇದ್ದರೆ 20 ಭಾಗಿಸು 5,000, ಉತ್ತರ 0.004. ಡಿಗ್ರಿಗೆ ತಂದರೆ ಸೆಕೆಂಡಿಗೆ ಕಾಲು ಡಿಗ್ರಿಯೂ ಇಲ್ಲ, ಆಕಾಶದಲ್ಲಿ ಹುಣ್ಣಿಮೆ ಚಂದ್ರನ ಅಗಲದ ಅರ್ಧದಷ್ಟೂ ಇಲ್ಲ. ಹಾಗಾಗಿ ಅದು ನಿಂತಂತೆಯೇ.

ಈಗ ಡಾರ್ಕ್ ರೈಡಿನ ಗಾಡಿ ತೆಗೆದುಕೊಳ್ಳಿ. ಗಂಟೆಗೆ 7.2 ಕಿಲೋಮೀಟರ್, ಅಂದರೆ ಸೆಕೆಂಡಿಗೆ 2 ಮೀಟರ್. ಬಸ್ಸಿನ ಹತ್ತನೇ ಒಂದು ಭಾಗ. ಆದರೆ ಗೋಡೆ ನಿಮ್ಮ ಕಿವಿಯಿಂದ ಅರ್ಧ ಮೀಟರ್ ದೂರದಲ್ಲಿದೆ. 2 ಭಾಗಿಸು 0.5, ಉತ್ತರ ಮತ್ತೆ 4! ಕಣ್ಣಂಚಿಗೆ ಆ ಗೋಡೆ ಸರಿಯುವುದಕ್ಕೂ 72 ಕಿಲೋಮೀಟರ್ ಬಸ್ಸಿನಿಂದ ಕಾಣುವ ಮರ ಸರಿಯುವುದಕ್ಕೂ ವ್ಯತ್ಯಾಸವೇ ಇಲ್ಲ. ಬೆಳಕಿದ್ದರೆ ಮಿದುಳು ಗೋಡೆ ಹತ್ತಿರ ಇದೆ ಅಂತ ಲೆಕ್ಕ ಹಿಡಿದು ಸರಿಪಡಿಸಿಕೊಳ್ಳುತ್ತಿತ್ತು. ಕತ್ತಲಲ್ಲಿ ಗೋಡೆ ಎಷ್ಟು ದೂರ ಅಂತ ಹೇಳುವ ಗುರುತುಗಳೇ ಇಲ್ಲ. ಪಕ್ಕದಲ್ಲಿ ಹಾದದ್ದು ಅಂಗೈ ಅಗಲದ ಬಿಳಿ ಪಟ್ಟಿಯೋ, ದೂರದ ದೊಡ್ಡ ಕಂಬವೋ? ಹೇಳುವಂತಿಲ್ಲ. ದೂರ ಗೊತ್ತಿಲ್ಲದಿದ್ದರೆ ವೇಗವೂ ಗೊತ್ತಾಗುವುದಿಲ್ಲ, ಮಿದುಳು ಜಾಸ್ತಿ ಕಡೆಗೇ ವಾಲಿಬಿಡುತ್ತದೆ.

ಹಾಗಾಗಿ ಒಳ್ಳೆಯ ಡಾರ್ಕ್ ರೈಡ್ ಕಟ್ಟುವವರು ಎಂಜಿನ್ನಿಗೆ ಸುರಿಯುವ ದುಡ್ಡನ್ನು ಗೋಡೆಗೆ ಸುರಿಯುತ್ತಾರೆ. ದಾರಿಯನ್ನು ಇಕ್ಕಟ್ಟು ಮಾಡುತ್ತಾರೆ. ತಲೆಗೆ ಬಡಿದೇ ಬಿಟ್ಟಿತು ಅನ್ನೋ ಎತ್ತರದಲ್ಲಿ ಅಡ್ಡತೊಲೆ ಇಡುತ್ತಾರೆ, ತಲೆ ತಾನಾಗಿ ಬಗ್ಗುತ್ತದೆ. ಸೀಟನ್ನು ನೆಲಕ್ಕೆ ಹತ್ತಿರ ಇಡುತ್ತಾರೆ, ಕಣ್ಣಿನ ಎತ್ತರ ಕಡಿಮೆಯಾದಷ್ಟೂ ನೆಲ ಜೋರಾಗಿ ಸರಿದ ಹಾಗೆ ಕಾಣುತ್ತದೆ. ಗೋ-ಕಾರ್ಟಿನಲ್ಲಿ, ಅಂದರೆ ನೆಲಕ್ಕೆ ಹತ್ತಿರ ಕೂತು ಓಡಿಸುವ ಪುಟ್ಟ ರೇಸ್ ಗಾಡಿಯಲ್ಲಿ, ಕೂತವರಿಗೆ ಇದು ಗೊತ್ತು. ಲಾರಿ ಡ್ರೈವರ್‌ಗೆ ಎತ್ತರದಿಂದ 60 ಏನೇನೂ ಅಲ್ಲ, ಗೋ-ಕಾರ್ಟಿನಲ್ಲಿ 30ಕ್ಕೇ ಎದೆ ಹೊಡೆದುಕೊಳ್ಳುತ್ತದೆ.

ಬೆಳಗಾವಿ ಕಡೆಯವರು ಲೋಂಡಾದಿಂದ ಕ್ಯಾಸಲ್‌ರಾಕ್ ಮೇಲೆ ಗೋವಾಕ್ಕೆ ಇಳಿಯುವ ರೈಲಿನಲ್ಲಿ ಹೋಗಿದ್ದರೆ ಒಂದು ವಿಷಯ ನೆನಪಿಸಿಕೊಳ್ಳಿ. ಘಟ್ಟದಲ್ಲಿ ರೈಲು ತೆವಳುತ್ತಾ ಇಳಿಯುತ್ತದೆ. ಕಣಿವೆ ಕಡೆ ನೋಡುತ್ತಿದ್ದರೆ ಇದೇನಪ್ಪಾ ಇಷ್ಟು ನಿಧಾನ ಅನಿಸುತ್ತದೆ. ಅದೇ ರೈಲು ಸುರಂಗ ಹೊಕ್ಕ ತಕ್ಷಣ ನುಗ್ಗಿದ ಹಾಗಾಗುತ್ತದೆ. ಬೋಗಿಯ ಬೆಳಕು ಬಿದ್ದ ಒದ್ದೆ ಬಂಡೆ ಕೈಗೆಟಕುವ ದೂರದಲ್ಲಿ ಓಡುತ್ತದೆ, ಚಕ್ರದ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ, ಮಕ್ಕಳು ಕೂಗು ಹಾಕುತ್ತಾರೆ. ಡ್ರೈವರ್ ಏನೂ ಮಾಡಿಲ್ಲ. ಹತ್ತಿರದ ಗೋಡೆ ಮತ್ತು ಸದ್ದು, ಇವೆರಡೇ.

ಕತ್ತಲು ಇನ್ನೂ ಒಂದೆರಡು ಕೆಲಸ ಮಾಡುತ್ತದೆ. ಮುಂದಿನ ತಿರುವನ್ನು ಮುಚ್ಚಿಡುತ್ತದೆ. ಘಾಟಿನ ರಸ್ತೆಯಲ್ಲಿ ವಾಂತಿ ಮಾಡಿಕೊಳ್ಳುವವರು ಹಿಂದಿನ ಸೀಟಿನವರೇ, ಡ್ರೈವರ್‌ಗೆ ಹಾಗಾಗುವುದು ಬಹಳ ಅಪರೂಪ. ಅವನಿಗೆ ತಿರುವು ಮೊದಲೇ ಕಾಣುತ್ತದೆ, ಕತ್ತು ತಾನಾಗಿ ಸಿದ್ಧವಾಗುತ್ತದೆ. ಕತ್ತಲಲ್ಲಿ ಕೂತವರೆಲ್ಲ ಹಿಂದಿನ ಸೀಟಿನವರೇ. ಎಡಕ್ಕೋ ಬಲಕ್ಕೋ, ಮೇಲೋ ಕೆಳಗೋ ಗೊತ್ತಿಲ್ಲ. ಸಣ್ಣ ತಿರುವು ಕೂಡ ದೇಹವನ್ನು ಎತ್ತಿ ಎಸೆದ ಹಾಗೆ ಮಾಡುತ್ತದೆ, ಅಷ್ಟು ಜೋರಾಗಿ ಎಸೆದಿದೆ ಅಂದರೆ ವೇಗವೂ ಅಷ್ಟೇ ಇರಬೇಕು ಅಂತ ಮಿದುಳು ತೀರ್ಮಾನಿಸುತ್ತದೆ. ಸ್ಪೇಸ್ ಮೌಂಟನ್‌ನ ಜೀವ ಇರುವುದೇ ಇಲ್ಲಿ. ಗಾಡಿ ಏರು ಹತ್ತುವ ಮೊದಲು ನೀಲಿ ದೀಪಗಳು ಮಿಂಚುವ ಸುರಂಗ ಒಂದನ್ನು ದಾಟಿಸುತ್ತಾರೆ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಏಪ್ರಿಲ್ ಬಿಸಿಲಿನಿಂದ ನೇರ ಮ್ಯಾಟಿನಿ ಶೋಗೆ ಹೋಗಿ ಸೀಟು ತಡಕಿದವರಿಗೆ ಇದನ್ನು ವಿವರಿಸಬೇಕಿಲ್ಲ. ಬೆಳಕು ತೋರಿಸಿ ತಕ್ಷಣ ಕತ್ತಲಿಗೆ ತಳ್ಳಿದರೆ ಎದುರಿಗಿರುವ ಹಳಿ ಕೂಡ ಕಾಣುವುದಿಲ್ಲ.

ಹಾಗಂತ ಬರೀ ಕತ್ತಲು ಸಾಕೇ? ಸಾಲದು. ಇದನ್ನು ಬಹಳ ಜನ ತಪ್ಪು ತಿಳಿದಿರುತ್ತಾರೆ. ಏನೂ ಕಾಣದಿದ್ದರೆ ವೇಗವೂ ಕಾಣುವುದಿಲ್ಲ. ಎಲ್ಲ ಮಸುಕಾಗಿ ಕಂಡರಂತೂ ವೇಗ ಕಡಿಮೆ ಅನಿಸುತ್ತದೆ. 1998ರಲ್ಲಿ ರಾಬರ್ಟ್ ಸ್ನೋಡನ್ ಮತ್ತು ಅವರ ಜೊತೆಗಾರರು ಡ್ರೈವಿಂಗ್ ಸಿಮ್ಯುಲೇಟರ್‌ನಲ್ಲಿ, ಅಂದರೆ ಕೂತಲ್ಲೇ ಕಾರು ಓಡಿಸಿದ ಹಾಗೆ ಮಾಡುವ ಯಂತ್ರದಲ್ಲಿ, ಮಂಜು ತೋರಿಸಿ ಪ್ರಯೋಗ ಮಾಡಿದರು. ದೃಶ್ಯ ಮಸುಕಾದಷ್ಟೂ ಜನರಿಗೆ ನಿಧಾನ ಹೋಗುತ್ತಿದ್ದೇವೆ ಅನಿಸಿತು, ಗೊತ್ತಿಲ್ಲದೇ ವೇಗ ಜಾಸ್ತಿ ಮಾಡಿದರು. ಅದಕ್ಕೇ ರೈಡಿನ ಕತ್ತಲಲ್ಲಿ ಚೂಪಾದ ಬೆಳಕಿನ ಚುಕ್ಕಿಗಳು ಬೇಕು. ಅಪ್ಪಟ ಕಪ್ಪು, ಅದರಲ್ಲಿ ಅಪ್ಪಟ ಬಿಳಿ. ಸ್ಪೇಸ್ ಮೌಂಟನ್‌ನಲ್ಲಿ ನಕ್ಷತ್ರಗಳಿರುವುದು ಬರೀ ಅಲಂಕಾರಕ್ಕೆ ಅಲ್ಲ, ಅವು ಇಲ್ಲದಿದ್ದರೆ ಜನ ಸುಮ್ನೆ ಕುಲುಕಾಡಿ ಇಳಿದು ಬರುತ್ತಿದ್ದರು.

ಆ ಚುಕ್ಕಿಗಳು ಎಲ್ಲಿರಬೇಕು ಅನ್ನುವುದೂ ಮುಖ್ಯ. 1973ರಲ್ಲಿ ಬ್ರಾಂಟ್, ಡಿಖ್‌ಗನ್ಸ್, ಕೋನಿಗ್ ಎಂಬ ಮೂವರು ಜನರನ್ನು ಪಟ್ಟೆ ಬಳಿದ ದೊಡ್ಡ ಡ್ರಮ್ಮಿನ ಮಧ್ಯೆ ಕೂರಿಸಿ ಡ್ರಮ್ಮನ್ನು ತಿರುಗಿಸಿದರು. ನೇರ ಎದುರಿನ ಪಟ್ಟೆಗಳನ್ನು ಮುಚ್ಚಿ ಪಕ್ಕದ್ದನ್ನು ಮಾತ್ರ ತೋರಿಸಿದರೂ ಕೂತವರಿಗೆ ತಾವೇ ತಿರುಗಿದ ಹಾಗಾಯಿತು. ಆಮೇಲಿನ ಸಂಶೋಧನೆ ಇದಕ್ಕೆ ಕೆಲವು ತಿದ್ದುಪಡಿ ಹಾಕಿದೆ, ಆದರೆ ಕಣ್ಣಂಚಿನ ಶಕ್ತಿಯನ್ನು ರೈಡ್ ಕಟ್ಟುವವರು ಇವತ್ತಿಗೂ ಬಿಟ್ಟಿಲ್ಲ.

ಅದರ ಚೆಂದದ ಉದಾಹರಣೆ ಅದೇ ಫ್ಲೋರಿಡಾ ಪಾರ್ಕಿನಲ್ಲಿ 1972ರಲ್ಲಿ ಶುರುವಾದ 'ಇಫ್ ಯು ಹ್ಯಾಡ್ ವಿಂಗ್ಸ್'. ಓಮ್ನಿಮೂವರ್ ಅನ್ನುವ, ನಿಲ್ಲದೇ ಸಾಗುವ ಗಾಡಿಗಳ ಸಾಲು. ಮೆಲ್ಲಗೆ ಹೋಗುವ ಗಾಡಿ. ಕೊನೆಯ ಹತ್ತಿರ ಒಂದು ಕೋಣೆ ಬರುತ್ತಿತ್ತು, ಅದಕ್ಕೆ ಸ್ಪೀಡ್ ರೂಮ್ ಅಂತಲೇ ಹೆಸರು. ಗೋಡೆ ಬಾಗಿಕೊಂಡು ಮೇಲಕ್ಕೆ ಹೋಗಿ ಇನ್ನೊಂದು ಕಡೆ ಇಳಿಯುತ್ತದೆ, ಅದರ ತುಂಬ ಸಿನಿಮಾ: ಮೋಟಾರ್ ಸೈಕಲ್‌ನಂಥ ಓಡುವ ಗಾಡಿಗಳ ಮೇಲಿಂದ ತೆಗೆದದ್ದು. ಚೌಕಟ್ಟೇ ಕಾಣದ ಹಾಗೆ ಚಿತ್ರ ಕಣ್ಣಂಚಿನ ಆಚೆಗೂ ಸುತ್ತಿಕೊಂಡಿರುತ್ತದೆ, ಮುಖಕ್ಕೆ ಗಾಳಿ ಬೇರೆ. ಗಾಡಿ ಮೊದಲಿನ ವೇಗದಲ್ಲೇ ಇದೆ. ಜನ ಮಾತ್ರ ಹಾರುತ್ತಿದ್ದಾರೆ. 1998ರಲ್ಲಿ ಅದೇ ಜಾಗಕ್ಕೆ ಬೇರೆ ಕಥೆಯ ರೈಡ್ ಬಂತು, ಆ ಕೋಣೆಯ ಉಪಾಯ ಅದರಲ್ಲೂ ಮುಂದುವರಿಯಿತು.

ಈಗ ಆ ಸುಣ್ಣದ ಹರಳುಗಳ ದೌರ್ಬಲ್ಯ. ಅವಕ್ಕೆ ಹಿಂದಕ್ಕೆ ವಾಲುವುದಕ್ಕೂ ಮುಂದಕ್ಕೆ ವೇಗ ಹೆಚ್ಚುವುದಕ್ಕೂ ವ್ಯತ್ಯಾಸ ಗೊತ್ತಿಲ್ಲ. ಎರಡರಲ್ಲೂ ಅವು ಹಿಂದಕ್ಕೆ ಜರುಗುತ್ತವೆ. ಬೆಳಕಿನಲ್ಲಿ ಕಣ್ಣು ನೋಡಿ ಹೇಳುತ್ತದೆ, ನೀನು ವಾಲಿದ್ದೀಯ ಅಂತ. ಕತ್ತಲಲ್ಲಿ, ಎದುರು ಓಡುವ ದೃಶ್ಯ ಇಟ್ಟುಕೊಂಡು, ಸೀಟನ್ನು ಮೆಲ್ಲಗೆ, ನಾಳಗಳಿಗೆ ಸುಳಿವು ಸಿಗದಷ್ಟು ಮೆಲ್ಲಗೆ 10 ಡಿಗ್ರಿ ಹಿಂದಕ್ಕೆ ವಾಲಿಸಿದರೆ, ಗಾಡಿ ಸುಮಾರು 10 ಸೆಕೆಂಡಿನಲ್ಲಿ 0ಯಿಂದ 60 ಕಿಲೋಮೀಟರ್ ವೇಗಕ್ಕೆ ಏರುವಾಗ ಬೆನ್ನಿಗೆ ಬೀಳುವಷ್ಟೇ ಒತ್ತಡ ಬೀಳುತ್ತದೆ. ಗಾಡಿ ನಿಂತೇ ಇರಬಹುದು! ಪೈಲಟ್‌ಗಳಿಗೆ ತರಬೇತಿ ಕೊಡುವ ಸಿಮ್ಯುಲೇಟರ್ ನಡೆಯುವುದೂ ಇದರಿಂದಲೇ.

1995ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ಶುರುವಾದ ಇಂಡಿಯಾನಾ ಜೋನ್ಸ್ ರೈಡಿನಲ್ಲಿ ಜೀಪಿನಂಥ ಗಾಡಿಯ ಮೈಯನ್ನು ಅಡಿಯ ಚಾಸಿಯಿಂದ ಬೇರೆ ಮಾಡಿ, ನಡುವೆ ಹೈಡ್ರಾಲಿಕ್ ಕೂರಿಸಿದರು. ಚಾಸಿ ಹೋಗುವ ವೇಗ ಜಾಸ್ತಿಯೇನಲ್ಲ, ಮೇಲಿನ ಮೈ ವಾಲುತ್ತದೆ, ಕುಣಿಯುತ್ತದೆ, ತಿರುವಿನಲ್ಲಿ ಇನ್ನೇನು ಮಗುಚುತ್ತದೆ ಅನ್ನುವಷ್ಟು ಬಾಗುತ್ತದೆ. ಅದರ ಕೊನೆಯ ದೃಶ್ಯ ನೋಡಿ. ಎದುರಿಂದ ದೊಡ್ಡ ಬಂಡೆ ಉರುಳುತ್ತಾ ಬರುತ್ತದೆ, ಗಾಡಿ ಗಾಬರಿಯಿಂದ ಹಿಂದಕ್ಕೆ ಹೋದ ಹಾಗಾಗುತ್ತದೆ. ಗಾಡಿ ಹಿಂದೆ ಹೋಗುವುದೇ ಇಲ್ಲ, ಹಿಂದಿನ ಗಾಡಿಗೆ ಡಿಕ್ಕಿಯಾಗಬಾರದಲ್ಲ. ಅಲ್ಲಿ ಸುತ್ತಲಿನ ಗೋಡೆಗಳೇ ಮುಂದಕ್ಕೆ ಜರುಗುತ್ತವೆ. 1894ರ ದೆವ್ವದ ಜೋಕಾಲಿಯ ಯುಕ್ತಿ, ನೂರು ವರ್ಷ ಕಳೆದರೂ ಚೂರೂ ಮಾಸಿಲ್ಲ.

1999ರಲ್ಲಿ ಒರ್ಲ್ಯಾಂಡೋದ ಯೂನಿವರ್ಸಲ್ ಪಾರ್ಕಿನಲ್ಲಿ ಸ್ಪೈಡರ್‌ಮ್ಯಾನ್ ರೈಡ್ ಬಂತು. ತಿರುಗುವ, ವಾಲುವ ಗಾಡಿ, ಜೊತೆಗೆ 3ಡಿ ಪರದೆಗಳು. ಗಾಡಿ ಸರಿದಂತೆ ಪರದೆಯ ಚಿತ್ರವನ್ನೂ ಆ ಕೋನಕ್ಕೆ ತಕ್ಕಂತೆ ಬಗ್ಗಿಸಿ ತಯಾರಿಸಿದ್ದರು, ಪರದೆಯಾಚೆ ನಿಜವಾದ ಬೀದಿ ಇದೆ ಅನ್ನುವ ಹಾಗೆ. ಕೊನೆಗೆ 400 ಅಡಿ ಮೇಲಿಂದ ಬೀಳುತ್ತೀರಿ. ಗಾಡಿ ನೆಲ ಬಿಟ್ಟಿರುವುದಿಲ್ಲ.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಆ ರೈಡಿನಲ್ಲಿ ಪರದೆಯ ಪಕ್ಕ ನಿಜವಾದ ಗೋಡೆ, ಇಟ್ಟಿಗೆ, ಕಂಬ ಎಲ್ಲ ಇತ್ತು, ಅದಕ್ಕೇ ಅದು ಗೆದ್ದಿತು. ಆಮೇಲೆ ಬಂದ ಎಷ್ಟೋ ರೈಡ್‌ಗಳು ಬರೀ ಪರದೆ ನಂಬಿಕೊಂಡು ಕೂತವು. ನಿಜವಾದ ಗೋಡೆ ಕಿವಿಯ ಪಕ್ಕ ಹಾದುಹೋದಾಗ ಗಾಳಿಯ ಒತ್ತಡ ಬದಲಾಗುತ್ತದೆ, ಸದ್ದು ಬದಲಾಗುತ್ತದೆ, ಕೆನ್ನೆಗೆ ತಣ್ಣಗಾಗುತ್ತದೆ. ಪರದೆಗೆ ಇದು ಯಾವುದೂ ಬರುವುದಿಲ್ಲ. ಖರ್ಚಿನ ದೃಷ್ಟಿಯಿಂದ ಪರದೆ ಅನುಕೂಲ, ಕಥೆ ಹಳೆಯದಾದರೆ ಸಿನಿಮಾ ಬದಲಿಸಿದರಾಯಿತು. ಆದರೂ ಪ್ಲೈವುಡ್ ಗೋಡೆಯೇ ದೊಡ್ಡದು ಅಂತ ನಾನು ಖಂಡಿತ ಹೇಳುತ್ತೇನೆ.

ಹಳಬರು ಇದನ್ನು ಬಹಳ ಕಡಿಮೆ ಸಾಮಾನಿನಲ್ಲಿ ಮಾಡಿದ್ದರು. 1928ರ ಸುಮಾರಿಗೆ ಅಮೆರಿಕದ ನ್ಯೂಜೆರ್ಸಿಯ ಲಿಯಾನ್ ಕ್ಯಾಸಿಡಿ ನೆಲದಲ್ಲಿ ಒಂದೇ ಹಳಿ ಹಾಕಿ ಸಣ್ಣ ವಿದ್ಯುತ್ ಗಾಡಿ ಓಡಿಸಿದರು, ಪ್ರೆಟ್ಜೆಲ್ ಅಂತ ಕಂಪನಿ ಕಟ್ಟಿದರು. ಜಾಗ ಸಣ್ಣದು, ಹಾಗಾಗಿ ದಾರಿ ತುಂಬ ಗಕ್ಕನೆ ತಿರುಗುವ ತಿರುವು. ಇನ್ನೇನು ಬಾಗಿಲಿಗೆ ಗುದ್ದಿತು ಅನ್ನುವಾಗ ಗಾಡಿಯೇ ಬಾಗಿಲನ್ನು ತಳ್ಳಿ ಒಳಗೆ ನುಗ್ಗುತ್ತದೆ. 1955ರಲ್ಲಿ ಡಿಸ್ನಿಲ್ಯಾಂಡ್ ಶುರುವಾದ ವರ್ಷದಿಂದಲೂ ಇರುವ ಮಿಸ್ಟರ್ ಟೋಡ್ ರೈಡಿನಲ್ಲಿ ಗಾಡಿ ರೈಲು ಹಳಿ ಮೇಲೆ ಬಂದುಬಿಡುತ್ತದೆ, ಎದುರಿಂದ ದೀಪ, ಕಿವಿ ಕಿವುಡಾಗುವ ಸಿಳ್ಳೆ. ಅಲ್ಲಿ ಓಡುವ ರೈಲೇ ಇಲ್ಲ. ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳ ಟ್ರಿಕ್ ಸೀನ್ ನೋಡಿ ಬೆಳೆದ ನಮಗೆ ಇದು ತೀರಾ ಹೊಸದೇನಲ್ಲ.

ಇಲ್ಲಿ ಕೂತಿರುವ ಎಂಜಿನಿಯರಿಂಗ್ ಹುಡುಗರಿಗೆ, ಐಟಿಐ ಹುಡುಗರಿಗೆ ನನ್ನದೊಂದು ಕೋರಿಕೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಆಗುತ್ತದೆ. ಕಾಲೇಜಿನ ಒಂದು ಉದ್ದನೆಯ ಕೋಣೆ ಸಿಕ್ಕರೆ ನೀವೇ ಒಂದು ಸಣ್ಣ ಡಾರ್ಕ್ ರೈಡ್ ಕಟ್ಟಿ ನೋಡಿ. ಒಬ್ಬರನ್ನು ತಳ್ಳುಗಾಡಿಯಲ್ಲಿ ಕೂರಿಸಿ, ಸೆಕೆಂಡಿಗೆ 2 ಮೀಟರ್ ತಳ್ಳಿದರೆ ಸಾಕು. ಎರಡೂ ಕಡೆ ಕಪ್ಪು ಬಟ್ಟೆ, ಕೂತವರ ಭುಜದಿಂದ ಅರ್ಧ ಮೀಟರ್ ದೂರಕ್ಕೆ. ಅದರ ಮೇಲೆ ಲಂಬವಾಗಿ ಬಿಳಿ ಪಟ್ಟಿಗಳು. ಮೊದಲು 1 ಮೀಟರಿಗೊಂದು, ಹೋಗ್ತಾ ಹೋಗ್ತಾ ಅಂತರ ಕಡಿಮೆ ಮಾಡಿ, ಕೊನೆಗೆ 25 ಸೆಂಟಿಮೀಟರಿಗೊಂದು. ಶುರುವಿನಲ್ಲಿ ಸೆಕೆಂಡಿಗೆ 2 ಪಟ್ಟಿ ಹಾಯುತ್ತವೆ, ಕೊನೆಯಲ್ಲಿ 8. ತಳ್ಳುವವರು ಒಂದೇ ಸಮ ತಳ್ಳಿದರೂ ಕೂತವರಿಗೆ ಗಾಡಿ ಓಡತೊಡಗಿದ ಹಾಗಾಗುತ್ತದೆ. ಬ್ರಿಟನ್‌ನಲ್ಲಿ 1970ರ ದಶಕದಿಂದ ವೃತ್ತಗಳಿಗೆ ಮೊದಲು ರಸ್ತೆಗೆ ಅಡ್ಡಲಾಗಿ ಹಳದಿ ಪಟ್ಟೆಗಳನ್ನು ಹೀಗೇ ಹತ್ತಿರ ಹತ್ತಿರ ಮಾಡುತ್ತಾ ಬಳಿದಿದ್ದಾರೆ, ಅಯ್ಯೋ ಜೋರಾಯಿತು ಅಂತ ಡ್ರೈವರ್ ತಾನೇ ಬ್ರೇಕ್ ಒತ್ತಲಿ ಅಂತ.

ಪಟ್ಟಿಗಳು ಶುರುವಾಗುವ ಮೊದಲು ಒಂದಿಷ್ಟು ದೂರ ಏನೂ ಇಲ್ಲದ, ಸದ್ದಿಲ್ಲದ, ನಿಧಾನದ ದಾರಿ ಇಡಿ. ನಿಧಾನಕ್ಕೆ ಒಗ್ಗಿದ ಕಣ್ಣಿಗೆ ಮುಂದಿನದು ಇನ್ನೂ ಜೋರು ಅನಿಸುತ್ತದೆ. ಪಟ್ಟಿ ಒತ್ತಾಗುವ ಕಡೆ ಟೇಬಲ್ ಫ್ಯಾನ್ ಹಚ್ಚಿ. ಚಕ್ರದ ಕೆಳಗೆ ಅಲ್ಲಲ್ಲಿ ತಗಡು ಹಾಸಿ, ಗಡಗಡ ಸದ್ದು ಬರಲಿ. ಕಿವಿಗೆ ಸದ್ದು ಕಡಿಮೆಯಾದರೆ ವೇಗವನ್ನೂ ಕಡಿಮೆ ಅಂದಾಜು ಮಾಡುತ್ತೇವೆ ಅಂತ ಕಾರಿನಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ಒಂದೇ ಎಚ್ಚರಿಕೆ, ಮಿಂಚಿ ಆರುವ ಸ್ಟ್ರೋಬ್ ದೀಪ ಬೇಡ. ಸೆಕೆಂಡಿಗೆ 3ಕ್ಕಿಂತ ಜಾಸ್ತಿ ಸಲ ಮಿಂಚುವ ಜೋರು ದೀಪದಿಂದ ಕೆಲವರಿಗೆ ಫಿಟ್ಸ್ ಬರಬಹುದು. ಮಂದ ಬೆಳಕು, ಬಿಳಿ ಪಟ್ಟಿ, ಅಷ್ಟು ಸಾಕು. ತಂತಿ, ಬಟ್ಟೆ ಯಾವುದೂ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ, ಹೊರಬರುವ ದಾರಿ ತೆರೆದಿರಲಿ.

ಇನ್ನು ಪ್ರಶ್ನೆಗಳು.

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು, "ಸರ್, ಹಂಗಾದ್ರ ರಾತ್ರಿ ಬೈಕ್ ಮ್ಯಾಲ ಹೊಂಟಾಗ ನಮಗ ಜೋರ್ ಅನಸ್ಬೇಕಲ್ರಿ? ನನಗ ಹೈವೇದಾಗ 80 ಹೊಂಟ್ರೂ ಏನೂ ಅನಸೂದಿಲ್ಲ" ಅಂದ. ಒಳ್ಳೆಯ ಪ್ರಶ್ನೆ. ಹೈವೇಯಲ್ಲಿ ಕತ್ತಲಿದೆ, ಆದರೆ ಹತ್ತಿರದ ಗೋಡೆ ಇಲ್ಲ. ನಾಲ್ಕು ಲೇನಿನ ರಸ್ತೆ, ಮರ ದೂರ, ಹೆಡ್‌ಲೈಟಿಗೆ ಸಿಗುವುದು ಮುಂದಿನ ಡಾಂಬರು ಮಾತ್ರ, ಕಣ್ಣಂಚಿಗೆ ಏನೂ ಇಲ್ಲ. ಅದರ ಮೇಲೆ ಒಂದು ತಾಸು ಒಂದೇ ಸಮ ಓಡಿಸಿ ಕಣ್ಣು ಆ ವೇಗಕ್ಕೆ ಒಗ್ಗಿಹೋಗಿರುತ್ತದೆ. ಆಮೇಲೆ ಊರೊಳಗೆ ಬಂದು 50ಕ್ಕೆ ಇಳಿಸಿದರೆ ತೆವಳಿದ ಹಾಗೆ ಅನಿಸುತ್ತದೆ, ಅದು 50ಯೇ. ಊರ ಹತ್ತಿರ ಬಂದಾಗ ಮನಸ್ಸನ್ನು ನಂಬಬೇಡ ತಮ್ಮಾ, ಸ್ಪೀಡೋಮೀಟರ್ ನೋಡು.

ಆಮೇಲೆ ಒಬ್ಬ ಅಕ್ಕಾರು ಕೇಳಿದರು: "ನನ್ನ ಮಗಳು ನಿಜವಾದ ಜೋಕಾಲಿ ಎಷ್ಟ ಜೋರ್ ಜೀಕಿದ್ರೂ ನಗತಾಳ್ರಿ. ಮೊಬೈಲ್‌ನ್ಯಾಗ ರೋಲರ್ ಕೋಸ್ಟರ್ ವಿಡಿಯೋ ಹತ್ರ ಹಿಡದು ನೋಡಿದ್ರ ತಲಿ ತಿರಗತದ ಅಂತಾಳ. ಯಾಕ್ರಿ?" ನಿಜವಾದ ಜೋಕಾಲಿಯಲ್ಲಿ ಕಣ್ಣು ಹೇಳುವುದೂ ಕಿವಿಯೊಳಗಿನ ಹರಳು ಹೇಳುವುದೂ ಒಂದೇ, ಇಬ್ಬರೂ ತೂಗುತ್ತಿದ್ದೇವೆ ಅಂತಾರೆ. ವಿಡಿಯೋದಲ್ಲಿ ಕಣ್ಣು ಓಡುತ್ತಿದ್ದೇನೆ ಅನ್ನುತ್ತದೆ, ಕಿವಿ ಕೂತಿದ್ದೇನೆ ಅನ್ನುತ್ತದೆ. ಈ ಜಗಳವೇ ವಾಕರಿಕೆಗೆ ಮುಖ್ಯ ಕಾರಣ ಅಂತ ಬಹಳಷ್ಟು ವಿಜ್ಞಾನಿಗಳು ಒಪ್ಪುತ್ತಾರೆ. ಒಳ್ಳೆಯ ರೈಡ್‌ಗಳಲ್ಲಿ ಗಾಡಿಯನ್ನು ಸ್ವಲ್ಪವಾದರೂ ನಿಜವಾಗಿ ಅಲ್ಲಾಡಿಸುವುದು, ವಾಲಿಸುವುದು, ಗಾಳಿ ಬಿಡುವುದು ಇದಕ್ಕೇ, ಕಿವಿಗೂ ಚರ್ಮಕ್ಕೂ ಒಂದಿಷ್ಟು ಸಾಕ್ಷಿ ಸಿಗಲಿ ಅಂತ. ಮಗಳಿಗೆ ಹೇಳಿ, ಮೊಬೈಲನ್ನು ಒಂದು ತೋಳಿನಷ್ಟು ದೂರ ಹಿಡಿಯಲಿ. ಆಗ ಪರದೆಯ ಸುತ್ತ ಮನೆಯ ಗೋಡೆ, ಬಾಗಿಲು ಕಾಣುತ್ತದೆ, ಅವು ಅಲ್ಲಾಡುವುದಿಲ್ಲ. ದೊಡ್ಡ ರೈಡಿನಲ್ಲಿ ಹಾಗಾದರೆ ಎದುರಿಗಿರುವ ಕಂಬಿಯ ಮೇಲೆ ಕಣ್ಣು ಇಡಲಿ, ಅದಕ್ಕೂ ತಡೆಯದಿದ್ದರೆ ಕಣ್ಣು ಮುಚ್ಚಿಕೊಳ್ಳಲಿ, ಪರದೆ ಓಡಿಸುತ್ತಿದ್ದ ವೇಗ ಅಲ್ಲಿಗೇ ನಿಲ್ಲುತ್ತದೆ.